ಎಂಟುಕಣ್ಣಮ್ಮ

ಇಪ್ಪತ್ತಮೂರನೇ ಸಲ ಕ್ಯಾಮೆರಾದ ಫ್ಲ್ಯಾಷ್ ಮಿಂಚುವಾಗ ಗಾಳಿ ಬೀಸಿತು. ಗೌರಮ್ಮ ಮಚ್ಚನ್ನು ಕೆಳಗಿಟ್ಟು, ಸೆರಗು ಹರಡಿ ಲಂಟಾನ ಪೊದೆಗೆ ಗಾಳಿ ತಾಗದಂತೆ ಅಡ್ಡ ನಿಂತಳು. ಸಾರಕ್ಕಿ ಕೆರೆಯ ದಂಡೆಯ ಆ ಪೊದೆಯನ್ನು ಕಡಿಯಲೆಂದೇ ಗುತ್ತಿಗೆದಾರ ಅವಳನ್ನು ಕಳಿಸಿದ್ದ. ಎಲೆಯ ಮೇಲೆ ಹೆಸರುಕಾಳಿನಷ್ಟು ಜೇಡವೊಂದು ತನ್ನ ಮೊಟ್ಟೆಗಳ ಗೂಡನ್ನು ತಬ್ಬಿ ಕೂತಿತ್ತು.

“ಅಲ್ಲಾಡ್ಬೇಡಿ ಗೌರಮ್ಮ, ಒಂದೆಲೆ ಅಲುಗಿದ್ರೂ ಹೋಯ್ತು,” ಎಂದಳು ಜೇಡದ ಫೋಟೊ ತೆಗೆಯಲು ಬಂದಿದ್ದ ಅರ್ಪಿತ. ಲೆನ್ಸನ್ನು ಕೂದಲೆಳೆಯಷ್ಟು ಮುಂದೆ ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು. ನಲವತ್ತನ್ನು ಒಂದರ ಮೇಲೊಂದು ಪೇರಿಸಿದರೆ ಮಾತ್ರ ಇಡೀ ಜೇಡ ಸ್ಪಷ್ಟವಾಗಿ ಮೂಡುತ್ತದೆ. ಮುಗಿದ ಮೇಲೆ ಅವನ್ನೆಲ್ಲ ಕ್ಯಾಮೆರಾದ ಪರದೆಯಲ್ಲಿ ಬೇಗ ಬೇಗ ಓಡಿಸಿ ತೋರಿಸಿದಳು. ಮಂಜಿನೊಳಗಿಂದ ಯಾರೋ ನಡೆದು ಬಂದಂತೆ ಮೊದಲು ಎಂಟು ಕಣ್ಣು ಬಂದವು, ಒಂದೊಂದರಲ್ಲೂ ಪುಟ್ಟ ಬೆಳದಿಂಗಳು. ಆಮೇಲೆ ಬೆಳ್ಳಿಗೂದಲಿನ ತೋಳು, ತೋಳಿನೊಳಗೆ ಗೂಡು. ಗೌರಮ್ಮ ಪರದೆಯತ್ತ ಬಾಗಿ ಕಣ್ಣುಗಳನ್ನು ಒಂದೊಂದಾಗಿ ಎಣಿಸಿದಳು.

“ಕಡೀಬೇಡಿ ಅಂತ ಮೂರು ಅರ್ಜಿ ಕೊಟ್ಟೆ. ಒಬ್ರೂ ಓದ್ಲಿಲ್ಲ,” ಎಂದಳು ಅರ್ಪಿತ.

“ಅರ್ಜಿ ಯಾರವ್ವಾ ಓದ್ತಾರೆ?” ಗೌರಮ್ಮ ಸೊಂಟದ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದಳು. ಪೊದೆಯ ಬುಡಕ್ಕೊಂದು ಕಲ್ಲು ನೆಟ್ಟು, ಎಂಟು ಬೊಟ್ಟಿಟ್ಟಳು.

“ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ.”

“ನೀನ್ಯಾಕೆ ನಂಬ್ಬೇಕು? ಅವ್ನು ನಂಬಿದ್ರೆ ಸಾಕು.”

ಗುತ್ತಿಗೆದಾರನ ಸ್ಕೂಟರ್ ಬಂದು ನಿಂತಿತು. “ಇನ್ನೂ ಕಡ್ದಿಲ್ವಾ? ನಾಳೆ ಇಲ್ಲಿ ಟೈಲ್ಸ್ ಹಾಕ್ಬೇಕು.”

“ಇಲ್ಲಿ ಎಂಟುಕಣ್ಣಮ್ಮ ಅವ್ಳೆ ಸಾರ್. ಬಾಣಂತಿ.”

ಅವನು ಕಲ್ಲನ್ನು ನೋಡಿದ, ನೆಲದ ಮೇಲಿದ್ದ ಮಚ್ಚನ್ನು ನೋಡಿದ. ಆಮೇಲೆ ಒಂದೊಂದಾಗಿ ಎರಡೂ ಚಪ್ಪಲಿ ಬಿಟ್ಟ.