ಹಿಂದುಮುಂದಾದ ಸೀಲು

ಸೌಂದರ್ಯಾ ಪಿಸ್ಟನ್ನಿಗೆ ಆಯಿಲ್ ತಡೆಯುವ ಹೊಸ ರಬ್ಬರ್ ಸೀಲನ್ನು ಹಿಂದುಮುಂದಾಗಿ ಕೂರಿಸಿದ್ದನ್ನು ಕಂಡೂ ಹಳೆಯ ಮೆಕ್ಯಾನಿಕ್ ಅಪ್ಪಯ್ಯ ಬಾಯಿ ಬಿಡಲಿಲ್ಲ. ಗುಂಡಿ ತೋಡುವ ಟ್ರ್ಯಾಕ್ಟರಿನ ಆಯಿಲ್ ಸಿಲಿಂಡರ್ ಸೋರಿದರೆ ಚಾಮರಾಜಪೇಟೆಯ ಈ ವರ್ಕ್‌ಶಾಪಿನಲ್ಲಿ ಇಷ್ಟು ವರ್ಷ ಅದು ಅವನ ಕೈಗೇ ಬರುತ್ತಿತ್ತು. ಇವತ್ತು ಓನರ್ ರಾಮಸ್ವಾಮಿ, "ಇನ್ಮೇಲೆ ಸಿಲಿಂಡರೆಲ್ಲಾ ಸೌಂದರ್ಯಾನೇ ಮಾಡ್ಲಿ" ಎಂದುಬಿಟ್ಟಿದ್ದರು. ಅಪ್ಪಯ್ಯನಿಗೆ ಹೊಟ್ಟೆ ಉರಿದುಹೋಗಿತ್ತು. ಆಯಿಲ್ ಮತ್ತೆ ಸೋರಲಿ, ಆಗ ಗೊತ್ತಾಗುತ್ತೆ ಇವರಿಗೆ!

ಪಿಸ್ಟನ್ನನ್ನು ಸಿಲಿಂಡರಿನೊಳಗೆ ತಳ್ಳುವ ಮುನ್ನ ಸೌಂದರ್ಯಾ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಇದೇನಮ್ಮ ಪೂಜೆ?" ಎಂದು ರಾಮಸ್ವಾಮಿ ನಕ್ಕರು.

"ಅಪ್ಪಯ್ಯಣ್ಣ ಹಿಂಗೇ ಮಾಡೋದು ಸಾರ್. ಅವರ ಕೈಗುಣ ನಂಗೂ ಸ್ವಲ್ಪ ಬರ್ಲಿ ಅಂತ."

ಅಪ್ಪಯ್ಯ ಎದ್ದು ಹೋಗಿ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. "ಸೀಲು ತಿರುಗಿಸಿ ಹಾಕಮ್ಮ" ಎಂದ, ಅವಳಿಗಷ್ಟೇ ಕೇಳುವಂತೆ.

"ಏನಂದ್ಯೋ ಅಪ್ಪಯ್ಯ?" ಎಂದರು ರಾಮಸ್ವಾಮಿ.

"ಏನಿಲ್ಲ ಸಾರ್. ಹುಡುಗೀಗೆ ಕೆಲ್ಸ ಚೆನ್ನಾಗಿ ಕುದುರಿದೆ ಅಂದೆ."