ಮೊಸಳೆ ಮೇಷ್ಟ್ರಿಗೆ ಬಂದ ಗತಿ

ಉಗುರು ತಾಗಿಸಿದ್ದೇ ತಡ, ಮೊಸಳೆ ಮೇಷ್ಟ್ರ ಮೂಗಿನ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು.

"ಥೂ! ಇದಕ್ಕೆ ಬೊಂಬೆ ಅಂತಾರಾ?" ಕನ್ನಡಕದಂಗಡಿಯ ಯಜಮಾನರು ಅದನ್ನು ಮೇಜಿನ ಮೇಲೆ ಕುಕ್ಕಿದರು.

ಹೊಸ ಸರಣಿಯ ಡಬ್ಬಿ ಆಗತಾನೇ ಬಂದಿತ್ತು. ಕಾರ್ಟೂನಿನಲ್ಲಿ ಪಾಠ ಹೇಳುವ ಮೊಸಳೆ ಮೇಷ್ಟ್ರು, ಅವರ ಶಿಷ್ಯರಾದ ಕಪ್ಪೆ, ಆಮೆ, ಮುಳ್ಳುಹಂದಿ. ಮೇಷ್ಟ್ರ ಒಂದು ಕಣ್ಣು ಸೂರು ನೋಡುತ್ತಿತ್ತು, ಇನ್ನೊಂದು ತನ್ನದೇ ಮೂಗನ್ನು. ಹಲ್ಲಿನ ಜಾಗದಲ್ಲಿ ಸುಣ್ಣ ಬಳಿದಂತೆ ಒಂದು ಬಿಳಿ ಪಟ್ಟಿ. ಕಪ್ಪೆಯ ಹೊಟ್ಟೆಯ ಮೇಲೆ ಎರಡು ಹೋಳು ಸೇರಿಸಿದ ಗೆರೆ ಹೊಲಿಗೆ ಹಾಕಿದ ಗಾಯದಂತೆ ಎದ್ದು ನಿಂತಿತ್ತು. ವಾಸನೆಯನ್ನಂತೂ ಕೇಳಲೇಬೇಡಿ. ಬಿಸಿಲಲ್ಲಿ ಬೆಂದ ಹಳೆಯ ರೇನ್‌ಕೋಟನ್ನು ಮೂಗಿಗೆ ಹಿಡಿದಂತಿತ್ತು.

ಯಜಮಾನರು ಗೋಡೆಯ ಗಾಜಿನ ಬೀರುವಿನತ್ತ ತಿರುಗಿದರು. ಮೊದಲ ಸರಣಿ ಅಲ್ಲಿತ್ತು. ಮದುವೆಗೂ ಮುಂಚೆ, ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ತಂದದ್ದು. ಆ ಮೊಸಳೆಯ ಬಾಯಿ ನೋಡಬೇಕು! ಒಂದೊಂದು ಹಲ್ಲೂ ಬೇರೆ ಬೇರೆ. ಬುಡದಲ್ಲಿ ತುಸು ಹಳದಿ, ತುದಿಯಲ್ಲಿ ಬಿಳಿ.

"ಅದು ಕೆಲಸ ಅಂದ್ರೆ! ಮಾಡಿದ ಕೈಗೆ ಚಿನ್ನದ ಕಡಗ ತೊಡಿಸ್ಬೇಕು."

ಕೆಲಸದಿಂದ ಆಗಷ್ಟೇ ಬಂದ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಹಾಗೇ ನಿಂತಳು. "ಅಷ್ಟು ಚೆನ್ನಾಗಿದೆಯೇನ್ರೀ?"

"ನಿನಗೆ ಹೇಗೆ ಗೊತ್ತಾಗ್ಬೇಕು? ಬೆಳಗಾದ್ರೆ ಮುದುಕರ ಹಲ್ಲಿನ ಸೆಟ್ಟು ಮಾಡೋಳು ನೀನು. ಇದು ಕಲೆ ಕಣೇ."

"ಅದೂ ಸರೀನೇ," ಎಂದು ಅವಳು ಕೈ ತೊಳೆಯಲು ಹೋದಳು.

ಆ ಬೀರುವಿಗೆ ಒಂದು ಕಟ್ಟುಪಾಡಿತ್ತು. ಯಜಮಾನರ ಅಂಗೈ ಸದಾ ಬೆವರುತ್ತಿತ್ತು. ಬೆವರು ತಗಲಿದರೆ ಬಣ್ಣ ಹೋದಂತೆಯೇ ಎಂದು ಅವರು ತಮ್ಮ ಬೊಂಬೆಗಳನ್ನು ತಾವೇ ಮುಟ್ಟುತ್ತಿರಲಿಲ್ಲ. ನೋಡುವುದು ಗಾಜಿನ ಈಚೆಯಿಂದ, ಅದೂ ಕೈ ಹಿಂದೆ ಕಟ್ಟಿಕೊಂಡು. ಒರೆಸುವ ಕೆಲಸ ಹೆಂಡತಿಯದು. ಅವಳು ಒಂದೊಂದನ್ನೇ ಬಟ್ಟೆಯಲ್ಲಿ ಸುತ್ತಿ ಒಯ್ದು, ಚೆನ್ನಾಗಿ ಒಣಗಿಸಿ, ಎಷ್ಟೋ ದಿನ ಬಿಟ್ಟು ತಂದಿಡುತ್ತಿದ್ದಳು. ಅವಳಿಗೆ ಕಲೆ ಗೊತ್ತಿಲ್ಲದಿದ್ದರೂ ತಾಳ್ಮೆಯಿದೆ ಎಂದು ಯಜಮಾನರು ಒಪ್ಪಿಕೊಂಡಿದ್ದರು.

ಹೊಸ ಬೊಂಬೆಗಳ ಅಸಹ್ಯವನ್ನು ಅವರು ಸುಮ್ಮನೆ ನುಂಗಿಕೊಳ್ಳಲಿಲ್ಲ. ಬೊಂಬೆ ಸಂಗ್ರಹಿಸುವವರ ಸಂಘಕ್ಕೆ ಅವರೇ ಅಧ್ಯಕ್ಷರು. ಹೊಸದನ್ನು ಬೀರುವಿನ ಗಾಜಿಗೆ ಹಿಡಿದು ಹಳೆಯದರ ಪಕ್ಕ ತೋರಿಸಿ, ಕಂಪನಿಯ ಜನ್ಮ ಜಾಲಾಡಿ ವಿಡಿಯೊ ಹಾಕಿದರು. ಅಚ್ಚು, ಬಣ್ಣ ಯಾವುದೂ ಬದಲಾಗಿಲ್ಲ ಎಂದು ಕಂಪನಿ ಉತ್ತರ ಕೊಟ್ಟಿತು. ಎಂಥ ಹಸೀ ಸುಳ್ಳು! "ನಿಮ್ಮವರನ್ನ ಕಳಿಸಿ. ಎಲ್ಲರೂ ನೋಡೋ ಹಾಗೆ ಪಕ್ಕಪಕ್ಕದಲ್ಲಿಟ್ಟು ತೋರಿಸ್ತೀನಿ. ನನ್ನದು ತಪ್ಪಾದ್ರೆ ಅಲ್ಲೇ ಕ್ಷಮೆ ಕೇಳಿ ಅಧ್ಯಕ್ಷಗಿರಿ ಬಿಡ್ತೀನಿ," ಎಂದು ಯಜಮಾನರು ಸವಾಲು ಹಾಕಿದರು. ಕಂಪನಿ ಒಪ್ಪಿಕೊಂಡಿತು.

ಅದನ್ನು ಕೇಳಿ ಹೆಂಡತಿಯ ಮುಖ ಬಿಳಿಚಿತು. "ಬೇಡ ಅನ್ನಿ ರೀ. ಮನೇವರೆಗೂ ಯಾಕೆ ಕರೆಸ್ತೀರಿ?"

"ಹೆದರಬೇಕಾದೋರು ಅವರು. ನಿನಗ್ಯಾಕೆ ನಡುಕ?"

"ಹಾಗಾದ್ರೆ ಬೀರು ತೆಗೀಬೇಡಿ. ಗಾಜಿನ ಈಚೆಯಿಂದ್ಲೇ ತೋರಿಸಿ."

ಈ ಮಾತು ಮಾತ್ರ ಯಜಮಾನರಿಗೆ ಹಿಡಿಸಿತು. ಕಂಪನಿಯವನು ಕೈಚಳಕ ತೋರಿಸಿ ಹಳೆಯದನ್ನು ಲಪಟಾಯಿಸಿದರೆ ಏನು ಗತಿ? ಎಲ್ಲರ ಕಣ್ಣೂ ಅವನ ಕೈ ಮೇಲಿರಲಿ ಎಂದು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬೀರುವಿನ ಎದುರಿಗೇ ನಿಲ್ಲಿಸಿದರು.

ಭಾನುವಾರ ಬಂದವನು ನರೆಗೂದಲಿನ, ಮಿತಭಾಷಿಯಾದ, ಕಂಪನಿಯ ಮೇಸ್ತ್ರಿ. ಫೋನಿನ ನೇರಪ್ರಸಾರದಲ್ಲಿ ಆಗಲೇ ಸಂಘದವರೆಲ್ಲ ಕಣ್ಣು ನೆಟ್ಟು ಕೂತಿದ್ದರು. ಅವನು ಹೊಸ ಮೊಸಳೆಯನ್ನು ಎತ್ತಿ ನೋಡಿ, "ನಮ್ದೇ," ಎಂದ. ದನಿಯಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ.

"ಇಂಥ ಹೊಲಸನ್ನ ಮಾರೋಕೆ ನಿಮಗೆ ಹೇಸಿಗೆ ಆಗಲ್ವಾ?"

"ಹಳೇದು ಕೊಡಿ ಸಾರ್. ಕೈಯಲ್ಲಿ ಹಿಡೀದೆ ಏನೂ ಹೇಳೋಕಾಗಲ್ಲ."

ಇಡೀ ಸಂಘ ನೋಡುತ್ತಿರುವಾಗ ಹಿಂಜರಿಯುವುದು ಹೇಗೆ? "ತೆಗೆದುಕೊಡು," ಎಂದು ಯಜಮಾನರು ಹೆಂಡತಿಗೆ ಹೇಳಿದರು. ಅವಳು ಕದಲಲಿಲ್ಲ. ಗದರಿದ ಮೇಲೆ ಬೀರು ತೆರೆದು, ಮೊಸಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು.

ಮೇಸ್ತ್ರಿ ಅದನ್ನು ಅಂಗೈಯಲ್ಲಿ ತೂಗಿ ನೋಡಿದ. ಬೆನ್ನು ತಟ್ಟಿದ. ಹೆಬ್ಬೆರಳನ್ನು ಮೊಸಳೆಯ ಬಾಯೊಳಗೆ ಮೆಲ್ಲಗೆ ಆಡಿಸಿದ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತ. ಅವನ ಕಣ್ಣಲ್ಲಿ ಆಸೆಯಿತ್ತು.

ಯಜಮಾನರು ಫೋನಿನತ್ತ ಹುಬ್ಬು ಹಾರಿಸಿದರು. "ನೋಡಿದ್ರಾ? ಬಾಯಿಗೆ ಬೀಗ ಬಿತ್ತು!"

"ಮೊದಲ ಸರಣಿಗೆ ಬಣ್ಣ ಹಾಕಿದೋರಲ್ಲಿ ನಾನೂ ಒಬ್ಬ ಸಾರ್," ಎಂದ ಮೇಸ್ತ್ರಿ. "ಆಗ್ಲೂ ಹಲ್ಲಿಗೆ ಒಂದೇ ಬಿಳಿ ಪಟ್ಟಿ ಎಳೀತಿದ್ವಿ. ಕಣ್ಣು ಆಗ್ಲೂ ಸೊಟ್ಟಾನೇ. ಇದು ನಮ್ದಲ್ಲ. ನಮ್ಮ ಬೊಂಬೆ ಯಾವತ್ತೂ ಇಷ್ಟು ಚೆನ್ನಾಗಿರ್ಲಿಲ್ಲ."

ಫೋನು ಎಡೆಬಿಡದೆ ಟಣ್‌ಗುಟ್ಟತೊಡಗಿತು. ಯಜಮಾನರು ಬೀರುವಿನತ್ತ ನುಗ್ಗಿದರು. ಜೀವಮಾನದಲ್ಲಿ ಮೊದಲ ಸಲ ಬೀರುವಿನೊಳಗೆ ಬರಿಗೈ ಹಾಕಿ, ಕಪ್ಪೆ, ಆಮೆ, ಮುಳ್ಳುಹಂದಿಯನ್ನು ಒಂದೊಂದಾಗಿ ತಡವಿದರು.

"ಹಾಗಾದ್ರೆ ನನ್ನವು? ನನ್ನವೆಲ್ಲಿ?"

"ಅವು ಯಾವತ್ತೋ ಜಿಗುಟಾಗಿ, ಕರಗಿ, ನಾರೋಕೆ ಶುರುವಾಗಿದ್ವು ರೀ," ಎಂದಳು ಹೆಂಡತಿ, ಗಂಡನ ಮುಖ ನೋಡದೆ. "ನಿಮಗೆ ಗೊತ್ತಾದ್ರೆ ಎದೆ ಒಡೆದುಹೋಗುತ್ತೆ ಅಂತ, ಹಾಳಾದ ಒಂದೊಂದನ್ನೂ ನಮ್ಮ ಹಲ್ಲಿನ ಲ್ಯಾಬಿಗೆ ಒಯ್ದು, ಅದನ್ನ ನೋಡಿಕೊಂಡು ಹೊಸದನ್ನ ನಾನೇ ಮಾಡಿಟ್ಟೆ."