ಮೂರನೆಯ ಲೋಟ

"ಯಾವನಯ್ಯಾ ಇದನ್ನ ಮಾಡಿದ್ದು? ಕುದುರೆ ಕಾಲು ತಿಕ್ಕೋಕೂ ಲಾಯಕ್ಕಿಲ್ಲ!" ಮೂರನೆಯ ಲೋಟದ ರೈ ಧಾನ್ಯದ ವಿಸ್ಕಿಯನ್ನು ಓಡೆಲ್ ಪ್ರೂಯಿಟ್ ಉಗುಳಿದ. ರುಚಿ ನೋಡಲು ಸೇರಿದ್ದ ಬಾರ್ಡ್ಸ್‌ಟೌನಿನ ವಿಸ್ಕಿ ಭಟ್ಟಿ ಮಾಲೀಕರೆಲ್ಲ ಗೊಳ್ಳೆಂದು ನಕ್ಕರು.

ಹೆಸರು ಕಾಣದಂತೆ ಕಾಗದದ ಚೀಲ ತೊಡಿಸಿದ ಸೀಸೆಗಳಿಂದ ಸುರಿದು ಕೊಡುತ್ತಿದ್ದ ಲೊರೀನ್ ನಗಲಿಲ್ಲ. ಹೋದ ವರ್ಷ ಪ್ರೂಯಿಟ್‌ನ ಭಟ್ಟಿಯಲ್ಲಿ ರುಚಿ ನೋಡುವವಳಾಗಿದ್ದಾಗ, "ಈ ಪೀಪಾಯಿಗಳು ಹಾಳಾಗಿವೆ, ಸೀಸೆಗೆ ತುಂಬಬೇಡಿ" ಎಂದಿದ್ದಳು. ಅಷ್ಟಕ್ಕೇ ನಾಲಿಗೆ ಸತ್ತವಳೆಂದು ಊರೆಲ್ಲ ಸಾರಿ ಅವಳನ್ನು ಕೆಲಸದಿಂದ ಕಿತ್ತುಹಾಕಿದ್ದ. ಆಮೇಲೆ ಯಾರೂ ಅವಳನ್ನು ರುಚಿ ನೋಡಲು ಕರೆದಿರಲಿಲ್ಲ.

"ಇನ್ನೊಂದ್ಸಲ ಜೋರಾಗಿ ಹೇಳಿ ಯಜಮಾನ್ರೇ, ಹಿಂದಿನೋರಿಗೆ ಕೇಳಿಸ್ಲಿಲ್ವಂತೆ."

"ಕೊಚ್ಚೆ ಕಣಮ್ಮಾ, ಶುದ್ಧ ಕೊಚ್ಚೆ!"

ಲೊರೀನ್ ನಿಧಾನವಾಗಿ ಚೀಲ ಕಳಚಿದಳು. ಸೀಸೆಯ ಮೇಲೆ ದಪ್ಪಕ್ಷರದಲ್ಲಿ ಪ್ರೂಯಿಟ್ ಎಂದಿತ್ತು. ನಗು ನಿಂತುಹೋಯಿತು. ಅವಳು ಅದೇ ಲೋಟವನ್ನು ಅಂಚಿನವರೆಗೆ ತುಂಬಿ ಅವನ ಮುಂದೆ ಸರಿಸಿದಳು.

"ಈಗ ನುಂಗಿ."